ಮರಿಯಾಗದ ಮೊಟ್ಟೆ: ತಪ್ಪು ಯಂತ್ರದ್ದೋ, ಹೇಂಟೆಯದೋ, ಮೊಟ್ಟೆಯದೋ?

ಕಾವಿಗೆ ಇಟ್ಟ 24 ಮೊಟ್ಟೆಗಳಲ್ಲಿ ಐದೇ ಐದು ಮರಿಯಾದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡು ಕೆಲಸ. ಉಳಿದ ಮೊಟ್ಟೆಗಳನ್ನು ಹಾಗೇ ಮಣ್ಣಿಗೆ ಹಾಕುತ್ತೇವೆ, ಕಾವು ಕೊಡುವ ಯಂತ್ರದ, ಅಂದರೆ ಇನ್‌ಕ್ಯುಬೇಟರಿನ, ಉಷ್ಣಾಂಶವನ್ನು ಅಂದಾಜಿನ ಮೇಲೆ ಅರ್ಧ ಡಿಗ್ರಿ ಏರಿಸುತ್ತೇವೆ ಇಲ್ಲವೇ ಇಳಿಸುತ್ತೇವೆ. ನಾನೂ ಎಷ್ಟೋ ಸಲ ಇದನ್ನೇ ಮಾಡಿದ್ದೇನೆ. ಅದರಿಂದ ಮುಂದಿನ ಸಲ ಸುಧಾರಿಸಿದ್ದು ಕಡಿಮೆ, ಕೆಟ್ಟದ್ದೇ ಹೆಚ್ಚು. ಮಣ್ಣಿಗೆ ಹೋದ ಆ ಮೊಟ್ಟೆಗಳ ಒಳಗೆ ಮರಿ ಯಾವ ದಿನ ಸತ್ತಿತು ಅನ್ನುವ ಲೆಕ್ಕ ಇರುತ್ತದೆ. ದಿನ ಗೊತ್ತಾದರೆ ಕಾರಣ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ.

ಕೋಳಿ, ಬಾತು, ಗಿನಿಕೋಳಿ, ಟರ್ಕಿ, ಕ್ವೇಲ್ ಎಲ್ಲವನ್ನೂ ಒಂದೇ ಹಿತ್ತಲಲ್ಲಿ ಸಾಕುವವರಿಗೆ ಇದು ಇನ್ನೂ ಮುಖ್ಯ. ಒಂದೇ ಜಾತಿ ಸಾಕುವವರ ತೊಂದರೆಗಳ ಜೊತೆಗೆ ಜಾತಿ ಬೆರೆತದ್ದರಿಂದಲೇ ಹುಟ್ಟುವ ತೊಂದರೆಗಳೂ ಇಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಯಂತ್ರದ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಕೆಳಗಿನ ಕ್ರಮದಲ್ಲಿ ನೋಡುತ್ತಾ ಬನ್ನಿ.

ಮೊದಲು ಲೆಕ್ಕ ಸರಿಯಿದೆಯೇ?

ಮೊಟ್ಟೆ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ದಿನ ಎಣಿಸಿ. ಕಾವಿಗೆ ಇಟ್ಟ ದಿನ ಸೊನ್ನೆ. 24 ಗಂಟೆ ಕಾವು ಸಿಕ್ಕಿದ ಮೇಲೆ ಒಂದು. ಇಟ್ಟ ದಿನವನ್ನೇ ಒಂದು ಎಂದು ಎಣಿಸಿದರೆ 21ನೇ ದಿನ ಅಂದುಕೊಂಡದ್ದು ನಿಜವಾಗಿ 20ನೇ ದಿನ. ಈ ಒಂದು ದಿನದ ತಪ್ಪಿನಿಂದ ಗಾಬರಿಯಾಗಿ ಜೀವಂತ ಮೊಟ್ಟೆಯನ್ನು ಒಡೆದವರಿದ್ದಾರೆ.

ಕೋಳಿಗೆ 21 ದಿನ. ಬ್ಯಾಂಟಮ್, ಅಂದರೆ ಚಿಕ್ಕ ಗಾತ್ರದ ಕೋಳಿಯ, ಮೊಟ್ಟೆ 20ಕ್ಕೇ ಬಿರಿಯಬಹುದು. ಮನೆಯಲ್ಲಿ ಸಾಕುವ ಕ್ವೇಲ್‌ಗೆ 17ರಿಂದ 18, ಗಿನಿಕೋಳಿಗೆ 26ರಿಂದ 28, ಟರ್ಕಿಗೆ 28, ಸಾಮಾನ್ಯ ಬಾತಿಗೆ 28, ಹೆಬ್ಬಾತಿಗೆ 28ರಿಂದ 32, ಮಸ್ಕೋವಿ ಬಾತಿಗೆ 35. ಬಾತು ಎಂದರೆ 28 ಎಂದು ಕಂಠಪಾಠ ಮಾಡಿಕೊಂಡವರು ಮಸ್ಕೋವಿ ಮೊಟ್ಟೆಗಳನ್ನು 30ನೇ ದಿನ ಎಸೆದುಬಿಡುತ್ತಾರೆ. ಗಂಡು ಮಸ್ಕೋವಿ ಬೇರೆ ಹೆಣ್ಣು ಬಾತುಗಳ ಜೊತೆ ಓಡಾಡಿಕೊಂಡಿದ್ದರೆ ಮಿಶ್ರ ತಳಿಯ ಮೊಟ್ಟೆಗಳೂ ಬರುತ್ತವೆ, ಅವು ಬಿರಿಯುವುದು ಎರಡರ ನಡುವೆ ಎಲ್ಲೋ. ಆ ಮರಿಗಳು ದೊಡ್ಡವಾದ ಮೇಲೆ ಸಾಮಾನ್ಯವಾಗಿ ಬಂಜೆ. ಅವುಗಳ ಮೊಟ್ಟೆಯನ್ನು ಕಾವಿಗೆ ಇಟ್ಟು ಕಾಯಬೇಡಿ.

ಬೇರೆ ಬೇರೆ ದಿನ ಹಾಕಿದ ಮೊಟ್ಟೆಗಳು ಒಂದೇ ಕಾವಿನಲ್ಲಿದ್ದರೆ ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ದಿನಾಂಕ ಬರೆದಿರಬೇಕು. ಬರೆದಿಲ್ಲವಾದರೆ ಈ ಸಲದ ದೋಷವನ್ನು ಕಂಡುಹಿಡಿಯುವುದು ಅರ್ಧಕ್ಕರ್ಧ ಕಷ್ಟವಾಯಿತು ಎಂದೇ ತಿಳಿಯಿರಿ. ಮಾರ್ಕರ್ ಪೆನ್ನು ಬೇಡ, ಅದರ ಶಾಯಿ ಚಿಪ್ಪಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ.

ಒಡೆದು ನೋಡಿ

ಇದು ಮನಸ್ಸಿಗೆ ಹಿತವಾದ ಕೆಲಸವಲ್ಲ, ಆದರೆ ಇದಕ್ಕೆ ಬದಲಿ ಇಲ್ಲ. ಗಡುವು ಮುಗಿದು ಎರಡು ಮೂರು ದಿನ ಆದ ಮೇಲೆ, ಬೆಳಕಿಗೆ ಹಿಡಿದು ಚಲನೆ ಇಲ್ಲವೆಂದು ಖಚಿತ ಮಾಡಿಕೊಂಡು, ಬಯಲಿನಲ್ಲಿ ಕೂತು, ಕೈಗವಸು ಹಾಕಿಕೊಂಡು ಮೊಟ್ಟೆಗಳನ್ನು ಅಗಲ ತುದಿಯಿಂದ ತೆರೆಯಿರಿ. ಒಂದೊಂದನ್ನೂ ನೋಡಿದ ಕೂಡಲೇ ಬರೆದಿಟ್ಟುಕೊಳ್ಳಿ. ದುರ್ವಾಸನೆ ಬರುವ ಮೊಟ್ಟೆಯನ್ನು, ಚಿಪ್ಪಿನ ಮೇಲೆ ಬೆವರಿನಂತೆ ಹನಿ ಜಿನುಗಿದ ಮೊಟ್ಟೆಯನ್ನು ಮಾತ್ರ ತೆರೆಯಬೇಡಿ. ಒಳಗೆ ಅನಿಲ ತುಂಬಿರುತ್ತದೆ, ಸಿಡಿಯುತ್ತದೆ. ಅಂಥದ್ದು ಯಂತ್ರದೊಳಗೆ ಸಿಡಿದರೆ ಉಳಿದ ಮೊಟ್ಟೆಗಳಿಗೂ ಸೋಂಕು.

ಏನೂ ಬೆಳೆದಿಲ್ಲ, ಹಳದಿ ಹಾಗೇ ಇದೆ ಎಂದಾದರೆ ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಚುಕ್ಕೆ ಚಿಕ್ಕದಾಗಿ, ಗಟ್ಟಿಯಾಗಿ, ಅಂಚು ಅಂಕುಡೊಂಕಾಗಿದ್ದರೆ ಮೊಟ್ಟೆಗೆ ಗಂಡಿನ ಬೀಜ ತಾಗಿಲ್ಲ. ಅದೇ ಚುಕ್ಕೆ ಸ್ವಲ್ಪ ಅಗಲವಾಗಿ, ದುಂಡಾಗಿ, ನಡುವೆ ತಿಳಿಯಾಗಿ ಸುತ್ತ ಬಳೆಯಂತೆ ಕಂಡರೆ ಮೊಟ್ಟೆ ಫಲಿತವಾಗಿತ್ತು, ಬೆಳವಣಿಗೆ ಶುರುವಿನಲ್ಲೇ ನಿಂತಿದೆ. ಹಳೇ ಮೊಟ್ಟೆಯಲ್ಲಿ ಈ ವ್ಯತ್ಯಾಸ ಕಲಸಿಹೋಗಿರುತ್ತದೆ. ಹಾಗಾಗಿ ಕಾವಿಗೆ ಇಡುವ ದಿನವೇ ಅದೇ ಗುಂಪಿನ ಒಂದೆರಡು ತಾಜಾ ಮೊಟ್ಟೆಗಳನ್ನು ತಟ್ಟೆಯಲ್ಲಿ ಒಡೆದು ನೋಡುವುದು ಒಳ್ಳೆಯದು. ಅಡುಗೆಗೆ ಹೇಗೂ ಒಡೆಯುತ್ತೇವಲ್ಲ, ನಾನಂತೂ ಬಾಣಲೆಗೆ ಹಾಕುವ ಮುಂಚೆ ಪ್ರತಿ ಸಲ ಆ ಚುಕ್ಕೆಯನ್ನು ನೋಡುತ್ತೇನೆ. ಹುಂಜದ ಕೆಲಸ ನಡೆಯುತ್ತಿದೆಯೇ ಇಲ್ಲವೇ ಎಂದು ಅಲ್ಲಿಯೇ ತಿಳಿಯುತ್ತದೆ.

ಕೆಂಪು ಉಂಗುರ ಕಂಡರೆ, ಅಂದರೆ ರಕ್ತನಾಳಗಳು ಹಿಂದೆ ಸರಿದು ಒಂದು ಗೆರೆಯಾಗಿ ಉಳಿದಿದ್ದರೆ, ಮರಿ ಮೊದಲ ವಾರದಲ್ಲೇ, ಹೆಚ್ಚಾಗಿ 2ರಿಂದ 5ನೇ ದಿನದೊಳಗೆ ಸತ್ತಿದೆ. ಕಪ್ಪು ಕಣ್ಣು ಕಾಣುತ್ತಿದ್ದರೆ 5ನೇ ದಿನ ದಾಟಿದೆ. ಕೊಕ್ಕಿನ ತುದಿಯಲ್ಲಿ ಬಿಳಿ ಮೊನೆ, ಅಂದರೆ ಚಿಪ್ಪು ಒಡೆಯುವ ಹಲ್ಲು, ಕಂಡರೆ ಸುಮಾರು 10. ಮೈಮೇಲೆ ನವಿರು ಕೂದಲು ಬಂದಿದ್ದರೆ 13 ದಾಟಿದೆ. ಹಳದಿ ಹೊಟ್ಟೆಯೊಳಗೆ ಸೇರತೊಡಗಿದ್ದರೆ 19. ಇವೆಲ್ಲ ಕೋಳಿಯ ಲೆಕ್ಕ. 28 ದಿನದ ಹಕ್ಕಿಗಳಿಗೆ ಇದೇ ಸಂಖ್ಯೆಗೆ ಅದರ ಮೂರನೇ ಒಂದು ಭಾಗ ಸೇರಿಸಿದರೆ ಅಂದಾಜು ಸಿಗುತ್ತದೆ.

ಈಗ ನಿಮ್ಮ ಪಟ್ಟಿಯನ್ನು ನೋಡಿ. ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಸಾವುಗಳೆಲ್ಲ ಒಂದೇ ವಯಸ್ಸಿನ ಸುತ್ತ ಗುಂಪುಗೂಡಿವೆಯೇ, ಅಥವಾ ಚದುರಿವೆಯೇ? ಹತ್ತರಲ್ಲಿ ಎಂಟು ಮರಿಗಳು 12ನೇ ದಿನದ ಹೊತ್ತಿಗೆ ಸತ್ತಿದ್ದರೆ ಆ ದಿನ ಏನೋ ಒಂದು ಘಟನೆ ನಡೆದಿದೆ: ವಿದ್ಯುತ್ ಹೋಗಿತ್ತು, ಯಂತ್ರದ ಮೇಲೆ ನೇರ ಬಿಸಿಲು ಬಿದ್ದಿತ್ತು, ಹೇಂಟೆ ರಾತ್ರಿಯಿಡೀ ಹೊರಗಿತ್ತು. ಕ್ಯಾಲೆಂಡರ್ ತಿರುವಿ ಹಾಕಿ, ಮನೆಯವರನ್ನು ಕೇಳಿ. ಸಾವುಗಳು 4, 9, 13, 17 ಎಂದು ಚದುರಿದ್ದರೆ ಒಂದು ದಿನದ ಘಟನೆ ಕಾರಣವಲ್ಲ; ಹೇಂಟೆಯ ಕೆಳಗೆ ಮೊಟ್ಟೆ ಹೆಚ್ಚಾಗಿರಬಹುದು, ಹೊಸ ಮೊಟ್ಟೆಗಳು ನಡುವೆ ಸೇರಿರಬಹುದು, ಇಲ್ಲವೇ ಸೋಂಕು. ಎಲ್ಲವೂ ಮೊದಲ ವಾರದಲ್ಲೋ ಕೊನೆಯ ಮೂರು ದಿನದಲ್ಲೋ ಇದ್ದರೆ ಅದು ಬೇರೆಯೇ ಕಥೆ. ಆರೋಗ್ಯವಾದ ಗುಂಪಿನಲ್ಲೂ ಆ ಎರಡು ಘಟ್ಟಗಳಲ್ಲಿ ಕೆಲವು ಸಾಯುತ್ತವೆ. ಲೆಕ್ಕಕ್ಕೆ ಮೀರಿ ಸತ್ತಾಗ ಮಾತ್ರ ಕಾರಣ ಹುಡುಕಬೇಕು.

ಹೇಂಟೆಯೇ ಅಳತೆಗೋಲು

ಕಾವಿಗೆ ಕೂತ ಹೇಂಟೆ ಮತ್ತು ಇನ್‌ಕ್ಯುಬೇಟರ್ ಎರಡೂ ಇರುವವರಿಗೆ ಬೇರೆಯವರಿಗೆ ಇಲ್ಲದ ಒಂದು ಅನುಕೂಲ ಇದೆ. ಒಂದೇ ಗುಂಪಿನ, ಒಂದೇ ವಾರದ ಮೊಟ್ಟೆಗಳನ್ನು ಎರಡು ಪಾಲು ಮಾಡಿ. ಒಂದು ಪಾಲು ಹೇಂಟೆಗೆ, ಒಂದು ಪಾಲು ಯಂತ್ರಕ್ಕೆ, ಒಂದೇ ದಿನ. ಆರಿಸಿಕೊಂಡು ಹಂಚಬೇಡಿ, ಒಂದು ಇಲ್ಲಿ, ಒಂದು ಅಲ್ಲಿ ಎಂದು ಸರದಿಯಲ್ಲಿ ಹಾಕಿ.

ಹೇಂಟೆಯ ಕೆಳಗೆ 10ರಲ್ಲಿ 8 ಬಿರಿದು ಯಂತ್ರದಲ್ಲಿ 10ರಲ್ಲಿ 3 ಬಿರಿದರೆ ಮೊಟ್ಟೆಯಲ್ಲಿ, ಹುಂಜದಲ್ಲಿ, ಮೇವಿನಲ್ಲಿ ತಪ್ಪಿಲ್ಲ. ಯಂತ್ರವನ್ನು ಮಾತ್ರ ತಪಾಸಣೆ ಮಾಡಿ. ಎರಡರಲ್ಲೂ ಮೂರೇ ಬಿರಿದರೆ ಯಂತ್ರವನ್ನು ಮುಟ್ಟಲೇಬೇಡಿ. ತಪ್ಪು ಮೊಟ್ಟೆ ಕಾವಿಗೆ ಹೋಗುವ ಮೊದಲೇ ಆಗಿದೆ. ಯಂತ್ರದಲ್ಲಿ ಚೆನ್ನಾಗಿ ಬಂದು ಹೇಂಟೆಯಲ್ಲಿ ಕೈಕೊಟ್ಟರೆ ಗೂಡನ್ನು ನೋಡಿ. ನಾನು ಒಂದು ವರ್ಷ ಪೂರ್ತಿ ತೇವಾಂಶದ ಹಿಂದೆ ಬಿದ್ದಿದ್ದೆ, ನೀರಿನ ಬಟ್ಟಲು ಬದಲಾಯಿಸಿದೆ, ಸ್ಪಂಜು ಇಟ್ಟೆ, ತೆಗೆದೆ. ಕೊನೆಗೆ ಪಾಲು ಮಾಡಿ ಇಟ್ಟಾಗ ಹೇಂಟೆಯ ಕೆಳಗೂ ಅಷ್ಟೇ ಮೊಟ್ಟೆ ಕೆಟ್ಟವು. ತಪ್ಪು ಹುಂಜದ್ದಾಗಿತ್ತು. ಆ ಒಂದು ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಒಂದು ವರ್ಷದ ಮೊಟ್ಟೆ ಉಳಿಯುತ್ತಿತ್ತು.

ಯಂತ್ರದ ಮೇಲೆ ಅನುಮಾನ ಬಂದಾಗ

ಯಂತ್ರ ತೋರಿಸುವ ಅಂಕಿಯನ್ನು ನಂಬಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ನಿಮ್ಮ ಕಾವಿನ ಥರ್ಮಾಮೀಟರನ್ನೂ ಅಕ್ಕಪಕ್ಕ ಹಿಡಿದು ಹೋಲಿಸಿ. ನಮಗೆ ಬೇಕಾದ 37ರಿಂದ 39 ಡಿಗ್ರಿಯ ನಡುವೆಯೇ ಜ್ವರದ ಥರ್ಮಾಮೀಟರ್ ಸರಿಯಾಗಿ ಅಳೆಯುತ್ತದೆ. ನೀರಿಗೆ ಅದ್ದಲಾಗದ ಅಳತೆ ಕಡ್ಡಿಯಾದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಳಿಸಿ. ಫ್ಯಾನ್ ಇರುವ ಯಂತ್ರದಲ್ಲಿ 37.5ರಿಂದ 37.7 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ್ದರಲ್ಲಿ ಮೊಟ್ಟೆಯ ಮೇಲ್ತುದಿಯ ಮಟ್ಟದಲ್ಲಿ ಅಳೆದು 38.3ರಿಂದ 38.9 ಇರಬೇಕು.

ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿ ಗಾಳಿ ಮೇಲೇರಿ ಪದರ ಪದರವಾಗಿ ನಿಲ್ಲುತ್ತದೆ. ಬೇರೆ ಬೇರೆ ಗಾತ್ರದ ಮೊಟ್ಟೆಗಳನ್ನು ಒಟ್ಟಿಗೆ ಇಡುವವರಿಗೆ ಇದೇ ದೊಡ್ಡ ಬಲೆ. ಹೆಬ್ಬಾತಿನ ಮೊಟ್ಟೆಯ ನೆತ್ತಿ ಬಿಸಿ ಪದರದಲ್ಲಿರುತ್ತದೆ, ಪಕ್ಕದ ಕ್ವೇಲ್ ಮೊಟ್ಟೆ ಕೆಳಗಿನ ತಂಪು ಪದರದಲ್ಲಿ ಮುಳುಗಿರುತ್ತದೆ. ಥರ್ಮಾಮೀಟರನ್ನು ಕೋಳಿ ಮೊಟ್ಟೆಯ ಮಟ್ಟಕ್ಕೆ ಇಟ್ಟು ಸರಿ ಮಾಡಿದರೆ ದೊಡ್ಡದು ಬೇಯುತ್ತದೆ, ಚಿಕ್ಕದು ತಡವಾಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಕೋಳಿ ಸರಿಯಾಗಿ 21ಕ್ಕೆ ಬಂದು, ಕ್ವೇಲ್ ಎರಡು ದಿನ ತಡವಾಗಿ ಸೊರಗಿ ಬಂದು, ಹೆಬ್ಬಾತು ಸತ್ತರೆ ಕಾರಣ ಇದೇ ಇರುವ ಸಂಭವ ಹೆಚ್ಚು. ಚಿಕ್ಕ ಮೊಟ್ಟೆಗಳ ಕೆಳಗೆ ಜಾಲರಿಯ ಮಣೆ ಇಟ್ಟು ಎಲ್ಲದರ ನೆತ್ತಿಯನ್ನೂ ಒಂದೇ ಮಟ್ಟಕ್ಕೆ ತನ್ನಿ. ಇಲ್ಲವೇ ದೊಡ್ಡ ಮೊಟ್ಟೆಗಳನ್ನು ಹೇಂಟೆಗೆ ಕೊಡಿ.

ಉಷ್ಣಾಂಶ ಏರುಪೇರಾದದ್ದನ್ನು ಮರಿಗಳೇ ಹೇಳುತ್ತವೆ. 20ಕ್ಕೂ ಮೊದಲೇ ಬಿರಿದು, ಮರಿ ಸಣಕಲಾಗಿ, ಹೊಕ್ಕುಳು ಒರಟಾಗಿ ಇಲ್ಲವೇ ರಕ್ತ ಮೆತ್ತಿಕೊಂಡಿದ್ದರೆ ಕಾವು ಹೆಚ್ಚಾಗಿತ್ತು. 22, 23ಕ್ಕೆ ಬಂದು ಮರಿ ಊದಿಕೊಂಡು ನಿಲ್ಲಲಾರದೆ ಮಂಕಾಗಿದ್ದರೆ ಕಡಿಮೆಯಾಗಿತ್ತು. ಕಡಿಮೆ ಕಾವನ್ನು ಭ್ರೂಣ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ, ಹೆಚ್ಚಿನ ಕಾವನ್ನು ತಾಳದು. ಹಾಗಾಗಿ ವಿದ್ಯುತ್ ಹೋದಾಗ ಆತುರಕ್ಕೆ ಬಿದ್ದು ಕೆಂಡ, ಬಿಸಿ ನೀರಿನ ಬಾಟಲಿ ಒಳಗಿಟ್ಟು ಕೊಲ್ಲುವುದಕ್ಕಿಂತ ಮುಚ್ಚಳ ತೆಗೆಯದೆ, ಗಾಳಿ ರಂಧ್ರ ಬಿಟ್ಟು ಮೇಲೆ ಕಂಬಳಿ ಹೊದಿಸುವುದು ಮೇಲು. ಕೆಲವು ಗಂಟೆ ತಣ್ಣಗಾದ ಮೊಟ್ಟೆಗಳನ್ನು ಎಸೆಯಬೇಡಿ. ನಾಲ್ಕೈದು ದಿನ ಬಿಟ್ಟು ಬೆಳಕಿಗೆ ಹಿಡಿದು ನೋಡಿ ತೀರ್ಮಾನಿಸಿ.

ತೇವಾಂಶದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಶೇಕಡಾವಾರು ಅಂಕಿಗಿಂತ ತಕ್ಕಡಿಯನ್ನು ನಂಬಿ. ಮೊದಲ 18 ದಿನ ಶೇ. 45ರಿಂದ 55, ಕೊನೆಯ ಮೂರು ದಿನ ಶೇ. 65ರಿಂದ 70 ಎಂಬ ಲೆಕ್ಕ ಒಳ್ಳೆಯದೇ. ಆದರೆ ಅಗ್ಗದ ತೇವಾಂಶ ಮಾಪಕಗಳು ಶೇ. 10ರಷ್ಟು ತಪ್ಪು ತೋರಿಸುವುದು ಮಾಮೂಲು. ಪರೀಕ್ಷಿಸಬೇಕಾದರೆ ಬಟ್ಟಲಿನಲ್ಲಿ ಉಪ್ಪಿಗೆ ಒದ್ದೆ ಮರಳಿನ ಹದ ಬರುವಷ್ಟೇ ನೀರು ಹಾಕಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. ಎಷ್ಟು ವ್ಯತ್ಯಾಸವೋ ಅಷ್ಟನ್ನು ಮುಂದೆ ಕೂಡಿಸಿಯೋ ಕಳೆದೋ ಓದಿಕೊಳ್ಳಿ.

ತಕ್ಕಡಿಯ ಲೆಕ್ಕ ಹೀಗೆ. ಕೋಳಿ ಮೊಟ್ಟೆ 18ನೇ ದಿನದ ಹೊತ್ತಿಗೆ ತನ್ನ ತೂಕದಲ್ಲಿ ಸುಮಾರು ಶೇ. 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. 60 ಗ್ರಾಂ ಮೊಟ್ಟೆ 18ನೇ ದಿನ 52.8 ಗ್ರಾಂ ಇರಬೇಕು, ದಿನಕ್ಕೆ 0.4 ಗ್ರಾಂ ಇಳಿಕೆ. ಅಂದರೆ 7ನೇ ದಿನ 57.2, 14ನೇ ದಿನ 54.4. ಒಂದೊಂದೇ ತೂಗಬೇಕಿಲ್ಲ, ಹತ್ತನ್ನು ಒಟ್ಟಿಗೆ ತೂಗಿದರೂ ಸಾಕು. 7ನೇ ದಿನ ಇಳಿಕೆ ಕಡಿಮೆಯಿದ್ದರೆ ನೀರು ಕಡಿಮೆ ಮಾಡಿ, ಹೆಚ್ಚಿದ್ದರೆ ನೀರು ಹೆಚ್ಚಿಸಿ. ತಿದ್ದಿಕೊಳ್ಳಲು ಇನ್ನೂ ಸಮಯವಿರುತ್ತದೆ, ಈ ವಿಧಾನದ ದೊಡ್ಡ ಗುಣವೇ ಅದು. ನೀರಿನ ಪಾತ್ರೆ ಎಷ್ಟು ಆಳ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಅಗಲ ಅನ್ನುವುದೇ ಮುಖ್ಯ.

ತೂಕ ನೋಡದೆ ಈಗಾಗಲೇ ಕಾವು ಮುಗಿದಿದ್ದರೆ ಸತ್ತ ಮರಿಯನ್ನು ನೋಡಿ. ಮೈಯೆಲ್ಲ ಅಂಟು ಲೋಳೆ, ಗಾಳಿಗೂಡು (ಅಗಲ ತುದಿಯೊಳಗಿನ ಗಾಳಿ ತುಂಬಿದ ಜಾಗ) ಚಿಕ್ಕದು, ಒಳಗೆ ನೀರು ನಿಂತಿದೆ: ತೇವ ಹೆಚ್ಚಾಗಿತ್ತು. ಗಾಳಿಗೂಡು ದೊಡ್ಡದು, ಪೊರೆ ಒಣಗಿ ಕಾಗದದಂತೆ ಮರಿಗೆ ಬಿಗಿದಿದೆ: ತೇವ ಕಡಿಮೆಯಾಗಿತ್ತು, ಇಲ್ಲವೇ ಬಿರಿಯುವ ಹೊತ್ತಿನಲ್ಲಿ ನೀವು ಮುಚ್ಚಳ ತೆಗೆದು ತೆಗೆದು ನೋಡಿದ್ದೀರಿ.

ಮರಿ ಪೂರ್ತಿ ಬೆಳೆದು, ತೇವವೂ ಸರಿಯಿದ್ದು, ಚಿಪ್ಪಿಗೆ ಕೊಕ್ಕು ಹಾಕದೆ ಸತ್ತಿದ್ದರೆ ಗಾಳಿ ರಂಧ್ರಗಳನ್ನು ನೋಡಿ. ತೇವ ಉಳಿಸಲೆಂದು ರಂಧ್ರ ಮುಚ್ಚುವವರು ಬಹಳ. ಕೊನೆಯ ದಿನಗಳಲ್ಲಿ ಮರಿಗೆ ಮೊದಲಿಗಿಂತ ಎಷ್ಟೋ ಪಟ್ಟು ಗಾಳಿ ಬೇಕು.

ತಿರುಗಿಸುವುದು ತಪ್ಪಿದರೆ, ಅದರಲ್ಲೂ ಮೊದಲ ವಾರ, ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಸತ್ತ ಮರಿಯ ಜೊತೆ ಚೂಪು ತುದಿಯಲ್ಲಿ ಬಿಳಿ ಲೋಳೆ ಹಾಗೇ ಉಳಿದಿರುತ್ತದೆ. ದಿನಕ್ಕೆ ಕನಿಷ್ಠ ಮೂರು ಸಲ ತಿರುಗಿಸಿ, ಕೋಳಿ ಮೊಟ್ಟೆಯನ್ನು 18ನೇ ದಿನ ನಿಲ್ಲಿಸಿ. ತಾನೇ ತಿರುಗಿಸುವ ತಟ್ಟೆಯಿದ್ದರೆ ಅದು ನಿಜವಾಗಿ ವಾಲುತ್ತಿದೆಯೇ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿ. ಕೋಳಿ ಮೊಟ್ಟೆಯ ಗುಳಿಯಲ್ಲಿ ಕ್ವೇಲ್ ಮೊಟ್ಟೆ ಇಟ್ಟರೆ ಅದು ಸಡಿಲವಾಗಿ ಉರುಳಾಡಿ ಅಡ್ಡಾದಿಡ್ಡಿ ಬೀಳುತ್ತದೆ. ಮರಿಯ ತಲೆ ಚೂಪು ತುದಿಯಲ್ಲಿ ಸಿಕ್ಕಿದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಿರಿ. ಅಗಲ ತುದಿ ಮೇಲಿರಬೇಕು.

ಜಾತಿ ಬೆರೆತಾಗ ಬರುವ ಇನ್ನೊಂದು ತೊಡಕು ಕೊನೆಯ ಮೂರು ದಿನದ್ದು. ಕೋಳಿ ಮೊಟ್ಟೆ ಬಿರಿಯಲು ತೇವ ಏರಿಸಿ, ತಿರುಗಿಸುವುದನ್ನು ನಿಲ್ಲಿಸಿದರೆ ಅದೇ ಪೆಟ್ಟಿಗೆಯಲ್ಲಿ ಇನ್ನೂ ಎರಡನೇ ವಾರದಲ್ಲಿರುವ ಬಾತಿನ ಮೊಟ್ಟೆಗೆ ಹಾನಿ. ಒಂದೇ ಯಂತ್ರ ಇದ್ದವರು ಎಲ್ಲವೂ ಒಟ್ಟಿಗೆ ಬಿರಿಯುವಂತೆ ಹಿಂದಿನಿಂದ ಎಣಿಸಿ ಇಡಬೇಕು: ಮಸ್ಕೋವಿ ಮೊದಲು, ಏಳು ದಿನ ಬಿಟ್ಟು ಬಾತು ಮತ್ತು ಟರ್ಕಿ, ಇನ್ನೇಳು ದಿನ ಬಿಟ್ಟು ಕೋಳಿ, ಮತ್ತೆ ಮೂರು ನಾಲ್ಕು ದಿನ ಬಿಟ್ಟು ಕ್ವೇಲ್. ಇದಕ್ಕಿಂತ ಸುಲಭದ್ದು, ನನಗೆ ಯಾವತ್ತೂ ಇಷ್ಟವಾದದ್ದು, 18ನೇ ದಿನ ಯಂತ್ರದ ಕೋಳಿ ಮೊಟ್ಟೆಗಳನ್ನು ಕಾವಿನಲ್ಲಿರುವ ಹೇಂಟೆಯ ಕೆಳಗೆ ರಾತ್ರಿ ಸರಿಸುವುದು. ತೇವ, ಗಾಳಿ, ಮರಿಯನ್ನು ಒಣಗಿಸುವುದು, ಮೊದಲ ಪಾಠ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಾಳೆ.

ಹೇಂಟೆಯ ಗೂಡಿನಲ್ಲಿ ಕೆಟ್ಟಾಗ

ಹೇಂಟೆ ದಿನಕ್ಕೊಮ್ಮೆ ಎದ್ದು 15, 20 ನಿಮಿಷ ಮೇದು, ನೀರು ಕುಡಿದು, ದೊಡ್ಡ ಹಿಕ್ಕೆ ಹಾಕಿ ಮರಳುವುದು ಸಹಜ. ಅದಕ್ಕೆ ಹೆದರಿ ಅವಳನ್ನು ಬುಟ್ಟಿಯಲ್ಲಿ ಕವುಚಿಡಬೇಡಿ. ಮತ್ತೆ ಮತ್ತೆ ಎದ್ದರೆ, ರಾತ್ರಿ ಹೊರಗೆ ನಿಂತಿದ್ದರೆ ಟಾರ್ಚ್ ಹಿಡಿದು ಗೂಡಿನ ಸಂದಿಗಳನ್ನು ನೋಡಿ. ಕೆಂಪು ನುಸಿ ಹಗಲು ಮರದ ಬಿರುಕಿನಲ್ಲಿ ಅವಿತು ರಾತ್ರಿ ರಕ್ತ ಹೀರುತ್ತದೆ. ಹಗಲು ನೋಡಿದವರಿಗೆ ಏನೂ ಕಾಣದು, ಹೇಂಟೆಯದೇ ತಪ್ಪು ಎಂದು ಬೈಯುತ್ತಾರೆ. ಆ ಬಡಪಾಯಿ ಕೂರುವುದಾದರೂ ಹೇಗೆ? ಹುಲ್ಲನ್ನು ಸುಟ್ಟು, ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಉಜ್ಜಿ, ಹೊಸ ಹುಲ್ಲು ಹಾಕಿ.

ಹೇಂಟೆ ಎದ್ದದ್ದೇ ಇಲ್ಲ, ಆದರೂ ಸಾವುಗಳು ಚದುರಿವೆ ಎಂದಾದರೆ ಮೊಟ್ಟೆಗಳ ಸಂಖ್ಯೆ ನೋಡಿ. ಸಾಮಾನ್ಯ ಗಾತ್ರದ ಹೇಂಟೆಗೆ ತನ್ನ ಗಾತ್ರದ 10ರಿಂದ 12 ಮೊಟ್ಟೆ ಸಾಕು. ಹೆಚ್ಚಾದರೆ ಅಂಚಿನದು ತಣ್ಣಗಾಗುತ್ತದೆ. ಅವಳು ಅದನ್ನು ನಡುವಿಗೆಳೆದು ನಡುವಿನದನ್ನು ಅಂಚಿಗೆ ತಳ್ಳುತ್ತಾಳೆ. ದಿನಕ್ಕೊಂದು ಮೊಟ್ಟೆ ಹೊರಗಿದ್ದು, ಒಂದೊಂದು ವಯಸ್ಸಿನಲ್ಲಿ ಒಂದೊಂದು ಸಾಯುತ್ತದೆ. ಹದಿನಾರು ಇಟ್ಟು ನಾಲ್ಕು ಮರಿ ಪಡೆಯುವುದಕ್ಕಿಂತ ಹತ್ತು ಇಟ್ಟು ಎಂಟು ಪಡೆಯಿರಿ. ಬಾತಿನದಾದರೆ ಇನ್ನೂ ಕಡಿಮೆ, ಹೆಬ್ಬಾತಿನದು ನಾಲ್ಕೈದು ಮಾತ್ರ. ಅಷ್ಟು ಭಾರದ ಮೊಟ್ಟೆಯನ್ನು ಹೇಂಟೆ ಸರಿಯಾಗಿ ತಿರುಗಿಸಲಾರಳು, ದಿನಕ್ಕೆರಡು ಮೂರು ಸಲ ನೀವೇ ತಿರುಗಿಸಬೇಕು. ಕ್ವೇಲ್ ಮೊಟ್ಟೆಯನ್ನು ದೊಡ್ಡ ಹೇಂಟೆಗೆ ಕೊಡಬೇಡಿ, ಒಡೆಯುತ್ತಾಳೆ. ಬ್ಯಾಂಟಮ್ ಇದ್ದರೆ ಕೊಡಿ.

ಮೊದಲ ಎರಡು ಮರಿ ಬಂದ ಕೂಡಲೇ ಹೇಂಟೆ ಉಳಿದದ್ದನ್ನು ಬಿಟ್ಟು ಎದ್ದಳು ಅನ್ನುವ ದೂರು ಬಹಳ. ನೋಡಿದರೆ ಬೇರೆ ಹೇಂಟೆಗಳು ಅವಳ ಗೂಡಿನಲ್ಲೇ ದಿನವೂ ಮೊಟ್ಟೆ ಇಟ್ಟಿರುತ್ತವೆ, ಅರ್ಧ ಮೊಟ್ಟೆಗಳು ಒಂದು ವಾರ ಹಿಂದಿರುತ್ತವೆ. ಮರಿ ಬಂದು ಒಂದೆರಡು ದಿನದಲ್ಲಿ ತಾಯಿ ಎದ್ದು ಮೇಯಿಸಲು ಹೊರಡುವುದು ಅವಳ ಸ್ವಭಾವ. ಕಾವಿಗೆ ಕೂತವಳನ್ನು ಬೇರೆ ಜಾಗದಲ್ಲಿ ಮುಚ್ಚಿಡಿ. ಆಗದಿದ್ದರೆ ಗುರುತು ಹಾಕಿ ಹೊಸದನ್ನು ದಿನವೂ ತೆಗೆಯಿರಿ. ಬಾತಿನ ಮೊಟ್ಟೆ ಇಟ್ಟು ಒಂದು ವಾರ ಆದ ಮೇಲೆ ಕೋಳಿ ಮೊಟ್ಟೆ ಸೇರಿಸುವುದೂ ಇದೇ ಕಾರಣಕ್ಕೆ. ಅವಳು ಬಿಟ್ಟು ಎದ್ದ ಮೊಟ್ಟೆಗಳಿಗೆ ಯಂತ್ರ ಸಿದ್ಧವಿರಲಿ.

ಜಾಗ ಬದಲಿಸಿದರೆ ಅವಳು ಹಳೇ ಜಾಗಕ್ಕೇ ಹೋಗಿ ಬರಿ ನೆಲದ ಮೇಲೆ ಕೂರುತ್ತಾಳೆ. ಅವಳ ನೆನಪು ಮೊಟ್ಟೆಯದಲ್ಲ, ಜಾಗದ್ದು. ರಾತ್ರಿ ಸಾಗಿಸಿ, ಎರಡು ಮೂರು ದಿನ ಸುಳ್ಳು ಮೊಟ್ಟೆ ಇಟ್ಟು, ಗಟ್ಟಿಯಾಗಿ ಕೂತಳೆಂದು ಕಂಡ ಮೇಲೆಯೇ ಒಳ್ಳೆ ಮೊಟ್ಟೆ ಇಡಿ.

ಎರಡೂ ಕಡೆ ಕೆಟ್ಟಾಗ

ಫಲಿತವಾಗದ್ದೇ ಹೆಚ್ಚಿದ್ದರೆ ಹುಂಜದ ಕಡೆ ನೋಡಿ. ಒಂದು ಹುಂಜಕ್ಕೆ 8ರಿಂದ 10 ಹೇಂಟೆ, ಒಂದು ಗಂಡು ಬಾತಿಗೆ 4ರಿಂದ 6, ಗಂಡು ಕ್ವೇಲ್‌ಗೆ 3 ಸರಿಯಾದ ಲೆಕ್ಕ. ಸಂಖ್ಯೆ ಸರಿಯಿದ್ದರೂ ಹುಂಜ ತನಗೆ ಬೇಕಾದ ಎರಡು ಹೇಂಟೆಗಳ ಹಿಂದೆಯೇ ಇರಬಹುದು: ಅವುಗಳ ಬೆನ್ನಿನ ಗರಿ ಕಿತ್ತುಹೋಗಿರುತ್ತದೆ, ಉಳಿದವುಗಳ ಬೆನ್ನು ನುಣ್ಣಗಿರುತ್ತದೆ. ಹಿಂಭಾಗದಲ್ಲಿ ಗರಿ ದಟ್ಟವಾದ ತಳಿಗಳಲ್ಲಿ ಆ ಗರಿಯೇ ಅಡ್ಡಿ, ಕತ್ತರಿಸಿ. ಎರಡು ಹುಂಜಗಳು ಕಾದಾಡುತ್ತಾ ಇದ್ದರೆ ಒಂದಕ್ಕೂ ಕೆಲಸ ಆಗುವುದಿಲ್ಲ. ತೀರಾ ಸೆಖೆಯಲ್ಲೂ ಗಂಡಿನ ಬೀಜ ಸೊರಗುತ್ತದೆ. ಗಂಡು ಬಾತು ಹೇಂಟೆಗಳ ಮೇಲೆ ಏರುತ್ತಿದ್ದರೆ ಕೂಡಲೇ ಬೇರ್ಪಡಿಸಿ, ಮೊಟ್ಟೆ ಹೋಗಲಿ, ಹೇಂಟೆಯೇ ಗಾಯದಿಂದ ಸಾಯಬಹುದು. ಹುಂಜ ಬದಲಿಸಿದ ಮೇಲೆ ಮರಿ ಹೊಸ ಹುಂಜದ್ದೇ ಎಂದು ನಂಬಲು ಮೂರು ವಾರ ಕಾಯಬೇಕು. ಅಷ್ಟು ದಿನ ಹಳೇ ಬೀಜ ಹೇಂಟೆಯಲ್ಲಿ ಉಳಿಯುತ್ತದೆ, ಟರ್ಕಿಯಲ್ಲಿ ಇನ್ನೂ ಹೆಚ್ಚು ದಿನ.

ಮೊದಲ ವಾರದ ಸಾವು ಎರಡೂ ಕಡೆ ಇದ್ದರೆ ಸಂಗ್ರಹವನ್ನು ಅನುಮಾನಿಸಿ. ಮೊಟ್ಟೆ 15ರಿಂದ 18 ಡಿಗ್ರಿಯಲ್ಲಿ, ಚೂಪು ತುದಿ ಕೆಳಗಾಗಿ, ಏಳು ದಿನದೊಳಗೆ ಕಾವಿಗೆ ಹೋಗಬೇಕು. ಬೆಚ್ಚನೆಯ ಕೋಣೆಯಲ್ಲಿಟ್ಟರೆ ಭ್ರೂಣ ಅರೆಬರೆ ಬೆಳೆಯತೊಡಗಿ ದುರ್ಬಲವಾಗುತ್ತದೆ. ಫ್ರಿಜ್ಜಿನ ಚಳಿಯೂ ಹಾನಿಯೇ. ಹಳೆಯದಾದಷ್ಟೂ ಬಿರಿಯುವುದು ತಡ, ಸಂಗ್ರಹಿಸಿಟ್ಟ ಪ್ರತಿ ದಿನಕ್ಕೆ ಸುಮಾರು ಒಂದು ಗಂಟೆ. ಗಾಡಿಯಲ್ಲಿ ದೂರದಿಂದ ಬಂದ ಮೊಟ್ಟೆಯ ಗಾಳಿಗೂಡು ಅಲುಗಿ ಸಡಿಲವಾಗಿರುತ್ತದೆ, ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಇಡಿ.

ಇದೇ ಘಟ್ಟದ ಸಾವು ಒಂದು ನಿರ್ದಿಷ್ಟ ಜೋಡಿಯ ಮೊಟ್ಟೆಗಳಲ್ಲಿ ಮಾತ್ರ, ಸರಿಸುಮಾರು ನಾಲ್ಕರಲ್ಲೊಂದು ಪ್ರಮಾಣದಲ್ಲಿ ಕಂಡರೆ ವಂಶಗುಣವನ್ನು ನೋಡಿ. ಗಿಡ್ಡ ಕಾಲಿನ ಬ್ಯಾಂಟಮ್‌ಗೆ ಗಿಡ್ಡ ಕಾಲಿನದನ್ನೇ ಜೋಡಿ ಮಾಡಿದರೆ ಎರಡೂ ಕಡೆಯಿಂದ ಆ ಗುಣ ಪಡೆದ ಕಾಲು ಭಾಗ ಭ್ರೂಣಗಳು ಕಾವಿನ ಮೊದಲ ದಿನಗಳಲ್ಲೇ ಸಾಯುತ್ತವೆ. ಜುಟ್ಟಿನ ಬಾತಿಗೆ ಜುಟ್ಟಿನ ಬಾತನ್ನು ಜೋಡಿ ಮಾಡಿದಾಗಲೂ ಕಾಲು ಭಾಗ ಚಿಪ್ಪಿನೊಳಗೇ ಹೋಗುತ್ತದೆ. ಇದನ್ನು ಯಾವ ಯಂತ್ರವೂ ಸರಿಮಾಡಲಾರದು. ಜೋಡಿಯಲ್ಲಿ ಒಂದನ್ನು ಉದ್ದ ಕಾಲಿನದು, ಜುಟ್ಟಿಲ್ಲದ್ದು ಹಾಕಿ.

ಎರಡನೇ ವಾರದಲ್ಲಿ ಸಾಯುವುದು ಅಪರೂಪ. ಅಲ್ಲಿ ಹೆಚ್ಚು ಸತ್ತರೆ, ನವಿರು ಕೂದಲು ಗಂಟು ಗಂಟಾಗಿದ್ದರೆ, ಬದುಕಿದ ಮರಿಗಳ ಬೆರಳು ಒಳಗೆ ಮಡಚಿದ್ದರೆ ತಾಯಿಯ ಮೇವಿನಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವ ಸಾಲದು. ಬರಿ ಕಾಳು ತಿಂದ ಹೇಂಟೆ ಮೊಟ್ಟೆಯನ್ನೇನೋ ಇಡುತ್ತದೆ, ಆ ಮೊಟ್ಟೆ ಮರಿಯನ್ನು ಪೂರ್ತಿ ಬೆಳೆಸಲಾರದು. ಮೇವು ಸರಿಪಡಿಸಿ ಮೂರು ನಾಲ್ಕು ವಾರ ಬಿಟ್ಟು ಮೊಟ್ಟೆ ಸಂಗ್ರಹಿಸಿ.

ವಾಸನೆ, ಕೊಳೆತ ಹೆಚ್ಚಿದ್ದರೆ ಬಾತಿನ ಗೂಡು ನೋಡಿ. ಒದ್ದೆ ಕಾಲಿನ ಬಾತು ಕೆಸರಿನಲ್ಲೇ ಮೊಟ್ಟೆ ಇಡುತ್ತದೆ, ಆ ಒಂದು ಕೊಳಕು ಮೊಟ್ಟೆ ಯಂತ್ರದಲ್ಲಿ ಪಕ್ಕದ ಕೋಳಿ ಮೊಟ್ಟೆಗಳಿಗೂ ಸೋಂಕು ಹಚ್ಚುತ್ತದೆ. ತಣ್ಣೀರಿನಲ್ಲಿ ತೊಳೆದರೆ ಕೊಳೆ ರಂಧ್ರದೊಳಗೆ ಎಳೆದುಕೊಳ್ಳುತ್ತದೆ. ತೊಳೆಯಲೇಬೇಕಾದರೆ ನೀರು ಮೊಟ್ಟೆಗಿಂತ ಬೆಚ್ಚಗಿರಲಿ. ತೀರಾ ಕೊಳಕಾದದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಕೊಕ್ಕು ಹಾಕಿ ನಿಂತ ಮೊಟ್ಟೆ

ಚಿಪ್ಪಿಗೆ ತೂತು ಬಿದ್ದ ಮೇಲೆ ಕೋಳಿಮರಿ ಹೊರಬರಲು 24 ಗಂಟೆಯವರೆಗೂ ಬೇಕಾಗಬಹುದು, ಬಾತು ಮತ್ತು ಹೆಬ್ಬಾತಿಗೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಮರಿ ಸುಮ್ಮನಿರುವಂತೆ ಕಂಡರೂ ಉಳಿದ ಹಳದಿಯನ್ನು ಹೊಟ್ಟೆಗೆ, ಪೊರೆಯ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಈ ಹಂತದಲ್ಲಿ ಕನಿಕರದಿಂದ ಚಿಪ್ಪು ಬಿಡಿಸಿದ ಕೈಗಳೇ ಎಷ್ಟೋ ಮರಿಗಳನ್ನು ಕೊಂದಿವೆ. ಕೋಳಿಯಲ್ಲಿ 24 ಗಂಟೆ ಕಳೆದೂ ಏನೂ ಮುಂದುವರಿಯದೆ, ಪೊರೆ ಒಣಗಿ ಕಂದಾಗಿದ್ದರೆ ಮಾತ್ರ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪೊರೆಯನ್ನು ತೇವ ಮಾಡಿ, ತೂತಿನ ಸುತ್ತ ಚಿಪ್ಪನ್ನು ಸ್ವಲ್ಪವೇ ಬಿಡಿಸಿ. ರಕ್ತದ ಒಂದು ಹನಿ ಕಂಡರೂ ನಿಲ್ಲಿಸಿ ಒಳಗಿಡಿ, ಮೂರು ನಾಲ್ಕು ಗಂಟೆ ಬಿಡಿ.

ಬಂದ ಮರಿಗಳ ಕಾಲು ಎರಡು ಕಡೆ ಜಾರಿದರೆ ಯಂತ್ರದ ನೆಲ ನುಣುಪಾಗಿದೆ, ಒರಟು ಬಟ್ಟೆ ಹಾಸಿ. ಮೊದಲು ಬಂದವನ್ನು ತೆಗೆಯುವ ಆತುರ ಬೇಡ. ಹೊಟ್ಟೆಯೊಳಗಿನ ಹಳದಿ ಎರಡು ದಿನ ಅವನ್ನು ಸಾಕುತ್ತದೆ, ನೀವು ಮುಚ್ಚಳ ತೆಗೆಯುವುದರಿಂದ ಹಿಂದಿರುವ ಮರಿಗಳ ಪೊರೆ ಒಣಗುತ್ತದೆ. ಯಂತ್ರದ ಮರಿಗಳನ್ನು ಹೇಂಟೆಗೆ ಕೊಡುವುದಿದ್ದರೆ ಮೊದಲ ಎರಡು ದಿನದೊಳಗೆ, ಕತ್ತಲಲ್ಲಿ, ಅವಳ ರೆಕ್ಕೆಯ ಕೆಳಗೆ ಒಂದೊಂದಾಗಿ ಸರಿಸಿ. ಬೆಳಿಗ್ಗೆ ಬೆಳಕಾಗುವ ಹೊತ್ತಿಗೆ ನೀವು ಅಲ್ಲೇ ಇರಿ, ಕುಕ್ಕಿದರೆ ಕೂಡಲೇ ತೆಗೆಯಬೇಕು.

ಹೇಂಟೆಯ ಜೊತೆ ಬೆಳೆಯುವ ಟರ್ಕಿ ಮರಿಗಳು ಕೆಲವು ವಾರಗಳ ನಂತರ ಮಂಕಾಗಿ, ಗಂಧಕದ ಹಳದಿ ಬಣ್ಣದ ಹಿಕ್ಕೆ ಹಾಕುತ್ತಿದ್ದರೆ ಅದನ್ನು ಕಾವಿನ ದೋಷವೆಂದು ತಿಳಿದು ಹಿಂದಕ್ಕೆ ಹುಡುಕಬೇಡಿ. ಕೋಳಿಯ ಕರುಳಿನ ಹುಳದ ಮೂಲಕ ಬರುವ ಹಿಸ್ಟೊಮೋನಾಸ್ ಎಂಬ ಸೂಕ್ಷ್ಮಜೀವಿ ಕೋಳಿಗೆ ಹೆಚ್ಚು ತೊಂದರೆ ಕೊಡದೆ ಟರ್ಕಿಯ ಯಕೃತ್ತನ್ನು ಹಾಳು ಮಾಡುತ್ತದೆ. ಮರಿಗಳನ್ನು ಅದೇ ದಿನ ಕೋಳಿ ಓಡಾಡದ ನೆಲಕ್ಕೆ ಸರಿಸಿ, ಪಶುವೈದ್ಯರನ್ನು ಕರೆಯಿರಿ. ಮುಂದಿನ ಸಲ ಟರ್ಕಿ ಮೊಟ್ಟೆ ಯಂತ್ರಕ್ಕೆ ಹೋಗಲಿ, ಬಾತಿನದನ್ನು ಹೇಂಟೆಗೆ ಕೊಡಿ.